ಬೆಚ್ಚಗಿಟ್ಟ ಬಿಲ್ಲು

ಬಿಲ್ಲು ಮಾಡುವ ಕ್ವಾಕ್ ಮುದುಕ ಊರಿಗೆ ಬಂದನೆಂದರೆ ಗುಡ್ಡದ ಮೇಲಿನ ಬಿಲ್ಮಂಟಪದ ಗಂಡಸರು ಮನೆ ಮಠ ಮರೆಯುತ್ತಾರೆ. ಗದ್ದೆ ಕೊಯ್ಲು ಮುಗಿದು ಗಾಳಿ ಒಣಗುವ ಹೊತ್ತಿಗೆ ಸರಿಯಾಗಿ ಅವನು ಯೇಚೊನ್ ಕಡೆಯ ಬಸ್ಸಿನಿಂದ ಇಳಿಯುತ್ತಾನೆ. ಬೆನ್ನಿಗೆ ಬಟ್ಟೆಯ ಗಂಟು, ತೋಳಿನಲ್ಲಿ ರಜಾಯಿ ಸುತ್ತಿದ ಬಿಲ್ಲುಗಳ ಕಟ್ಟು. ಆ ಕಟ್ಟಿಗೂ ಒಂದು ಸೀಟು ಬೇಕೆಂದು ಪ್ರತಿ ವರ್ಷ ಕಂಡಕ್ಟರನ ಜೊತೆ ಜಗಳ. ಒಂದು ವರ್ಷ ಅವನು ಬಂದ ಸುದ್ದಿ ಕೇಳಿ ಕ್ಷೌರದಂಗಡಿಯ ಪ್ಯೋ, ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಕೂರಿಸಿ ಗುಡ್ಡ ಹತ್ತಿದ. ಗಿರಾಕಿಯೂ ನೊರೆ ಒರೆಸಿಕೊಂಡು ಹಿಂದೆಯೇ ಹತ್ತಿದನಂತೆ, ಅವನೂ ಬಿಲ್ಲುಗಾರನೇ.

ಆ ವರ್ಷ ಅವರ ನಡುವೆ ಒಬ್ಬ ಹೆಂಗಸೂ ಇದ್ದಳು. ಮೇಂಗ್ ಓಕ್‌ಬುನ್, ದೋಣಿಕಟ್ಟೆಯ ನೂಡಲ್ ಅಂಗಡಿಯವಳು. ಹಿಟ್ಟು ನಾದಿ ನಾದಿ ಅವಳ ಮುಂಗೈ ಯಾವ ಗಂಡಸಿನ ಮುಂಗೈಗೂ ಕಡಿಮೆ ಇರಲಿಲ್ಲ. ಬಾಯಿಯಂತೂ ಇನ್ನೂ ಗಟ್ಟಿ. ಗಂಡ ಚೋನ್ ಬ್ಯೋಂಗ್‌ಹಾ ನದಿಯಲ್ಲಿ ದೋಣಿ ಹಾಯಿಸುತ್ತಿದ್ದವನು, ಮಂಟಪದ ಹುಲಿ ಎನಿಸಿಕೊಂಡಿದ್ದವನು, ಎದೆಯ ಕಾಯಿಲೆಯಲ್ಲಿ ತೀರಿಕೊಂಡಿದ್ದ. ಮೂರು ವರ್ಷದ ಸೂತಕ ಆ ವಸಂತದಲ್ಲಿ ಮುಗಿಯಿತು. ಬಿಳಿ ಬಟ್ಟೆ ಕಳಚಿದ ಮರುದಿನವೇ ಅವಳು ಗುಡ್ಡ ಹತ್ತಿ, ಮಂಟಪದ ಯಜಮಾನ ತಾಕ್ ಅವರ ಮುಂದೆ ನಿಂತು, ತನಗೂ ಬಿಲ್ಲು ಕಲಿಸಿ ಎಂದಳು.

ತಾಕ್ ಮೊದಲು ನಕ್ಕರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು.

"ಯಾಕಮ್ಮಾ ನಿನಗಿದೆಲ್ಲ?"

"ಮದುವೆಯಾದಾಗಿನಿಂದ ದಿನಾ ಸಂಜೆ ನನ್ನ ಗಂಡನ್ನ ಇಲ್ಲಿಗೆ ಎಳ್ಕೊಂಡು ಬರ್ತಿದ್ದದ್ದು ಏನು ಅಂತ ನೋಡ್ಬೇಕು ಯಜಮಾನ್ರೇ. ಇನ್ನೊಬ್ಬಳು ಹೆಂಗಸಾಗಿದ್ರೆ ಜುಟ್ಟು ಹಿಡ್ಕೊಂಡು ಕೇಳ್ತಿದ್ದೆ. ಬಿಲ್ಲು ಅಂತ ಸುಮ್ಮನಿದ್ದೆ."

ತಾಕ್ ಕಟ್ಟುನಿಟ್ಟಿನ ಮನುಷ್ಯ. ಮಂಟಪದ ಹಲಗೆಯ ಮೇಲೆ ಬರೆದ ನಿಯಮಗಳನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲವರು. ಹೆಂಗಸು ಬಿಲ್ಲು ಹಿಡಿಯಬಾರದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಕಲಿಸಿದರು, ನಿಯಮದ ಪ್ರಕಾರವೇ ಕಲಿಸಿದರು. ವಸಂತವಿಡೀ ಮಂಟಪದ ಹಳೆಯ ಬಿಲ್ಲನ್ನು ಬಾಣವಿಲ್ಲದೆ ಎಳೆಯುವುದು, ಮೆಲ್ಲಗೆ ಬಿಡುವುದು. ಬೇಸಿಗೆಯಿಡೀ ದಾರದ ಬಾಣ. ಬಾಣದ ಹಿಂಬದಿಗೆ ದಾರ ಕಟ್ಟಿ, ದಾರವನ್ನು ಬಿದಿರ ಗಳುವಿಗೆ ಬಿಗಿದಿರುತ್ತಾರೆ. ಬಿಟ್ಟರೆ ನಾಲ್ಕು ಮಾರು ಹೋಗಿ ಗಕ್ಕನೆ ನಿಂತು ವಾಪಸು ತೂಗುತ್ತದೆ. ಕಟ್ಟಿಹಾಕಿದ ಕರುವಿನ ಹಾಗೆ. ಸ್ವಂತ ಬಿಲ್ಲಿಲ್ಲದವರು ಆ ದಾರ ಬಿಚ್ಚುವಂತಿಲ್ಲ, ಗದ್ದೆಯಾಚೆಯ ಗುರಿಹಲಗೆಗೆ ಬಾಣ ಬಿಡುವಂತಿಲ್ಲ. ಓಕ್‌ಬುನ್ ಬೇಸಿಗೆಯಿಡೀ ಆ ಹಲಗೆಯನ್ನು ನೋಡುತ್ತಾ ದಾರದ ಬಾಣ ಬಿಟ್ಟಳು.

ಈಗ ಕ್ವಾಕ್ ಬಂದಿದ್ದ. ಬಿಲ್ಲು ಬೇಕಿತ್ತು. ಕೊಂಬಿನ ಬಿಲ್ಲೆಂದರೆ ಒಂದು ಚಳಿಗಾಲದ ದುಡಿಮೆ. ಎಮ್ಮೆಯ ಕೊಂಬು, ಎತ್ತಿನ ನರ, ಬಿದಿರು, ಹಿಪ್ಪುನೇರಳೆ ಮರ, ಇವನ್ನೆಲ್ಲ ಮೀನಿನ ಅಂಟಿನಿಂದ ಒಂದಾಗಿಸಿದ್ದು. ಅದಕ್ಕೆ ಬದಲಾಗಿ ಕೊಡಲು ಅವಳ ಹತ್ತಿರ ಇದ್ದದ್ದು ಒಂದೇ, ಗಂಡನ ಬಿಲ್ಲು.

ಅದನ್ನೇ ಇಟ್ಟುಕೊಂಡು ಕಲಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಹಲಗೆಯ ಮೇಲಿನ ನಿಯಮಗಳಲ್ಲಿ ಒಂದು, ಇನ್ನೊಬ್ಬರ ಬಿಲ್ಲನ್ನು ಎಳೆಯಬಾರದು ಎನ್ನುವುದು. ನಮ್ಮ ಕಡೆ ಬೇರೆಯವರ ಹೆಂಡತಿಯ ವಿಷಯದಲ್ಲಿ ಜಾರಿದವರಿದ್ದಾರೆ, ಬೇರೆಯವರ ಬಿಲ್ಲಿನ ವಿಷಯದಲ್ಲಿ ಜಾರಿದವರಿಲ್ಲ. ಅದಲ್ಲದೆ ಬ್ಯೋಂಗ್‌ಹಾನ ಬಿಲ್ಲು ಇಡೀ ಸೀಮೆಗೇ ಬಿರುಸಾದದ್ದು, ಬೇರೆ ಯಾರ ಕೈಗೂ ಬಗ್ಗದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಹೇಗೆ ಗೊತ್ತು ಎಂದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಹೇಳುತ್ತಿದ್ದರು, ಅಷ್ಟೇ.

ಓಕ್‌ಬುನ್ ಆ ಬಿಲ್ಲನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಚೀಲವನ್ನು ಎದೆಗವಚಿಕೊಂಡು ಮಂಟಪಕ್ಕೆ ತಂದಾಗ, ಅವಳ ಗಂಡನನ್ನು ಅಣ್ಣ ಎನ್ನುತ್ತಿದ್ದ ಪ್ಯೋ ಕಂಬಕ್ಕೊರಗಿ ಕೂತಿದ್ದ.

"ಏನತ್ತಿಗೆ, ಬಿಲ್ಲೋ ಲಟ್ಟಣಿಗೆಯೋ?"

"ನಿನ್ನ ತಲೆ ಮೇಲೆ ಬಿದ್ದಾಗ ಗೊತ್ತಾಗುತ್ತೆ ಬಿಡು ಮೈದುನ. ಮೊದ್ಲು ಆ ಗಿರಾಕಿದು ಇನ್ನರ್ಧ ಗಡ್ಡ ಬೋಳ್ಸಿ ಬಾ, ಹೋಗು."

ಕ್ವಾಕ್ ಮುದುಕ ನಗಲಿಲ್ಲ. ಅವನು ಕೆಂಡದ ಬಟ್ಟಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಬಿಲ್ಲನ್ನು ರಜಾಯಿಯಿಂದ ಬಿಡಿಸಿ ಚಾಪೆಯ ಮೇಲಿಡುತ್ತಿದ್ದ. ಓಕ್‌ಬುನ್ ಅಲ್ಲಿಯವರೆಗೆ ಹೊಸ ಬಿಲ್ಲನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೆದೆ ಇಲ್ಲದ ಕೊಂಬಿನ ಬಿಲ್ಲು ಬಿಲ್ಲಿನಂತೆ ಕಾಣುವುದೇ ಇಲ್ಲ. ತಿರುಗುಮುರುಗಾಗಿ, ತುದಿ ತುದಿ ಕೂಡುವಷ್ಟು ಹಿಂದಕ್ಕೆ ಸುರುಳಿಯಾಗಿ, ಮುದುರಿ ಮಲಗಿರುತ್ತದೆ. ಅದನ್ನು ಕೆಂಡದ ಮೇಲೆ ಆಡಿಸಿ, ಬೆಚ್ಚಗಾದ ಕಡೆ ಮೆಲ್ಲಗೆ ಒತ್ತಿ, ಮಂಡಿಯ ಮೇಲೆ ಎದುರು ದಿಕ್ಕಿಗೆ ಬಗ್ಗಿಸಿ ಹೆದೆ ಸಿಕ್ಕಿಸಬೇಕು. ಬಿಸಿ ಕಡಿಮೆಯಾದರೆ ಮುರಿಯುತ್ತದೆ, ಹೆಚ್ಚಾದರೆ ಅಂಟು ಬಿಡುತ್ತದೆ. ಕ್ವಾಕ್ ಒಂದನ್ನು ಬಿಸಿಗೆ ಹಿಡಿದು, ಅಂಗೈಯಿಂದ ಸವರಿ, ಕೆನ್ನೆಗೆ ತಾಗಿಸಿ ನೋಡಿ, ಮತ್ತೆ ಬಿಸಿಗೆ ಹಿಡಿದ. ಮುದುರಿದ್ದು ಅವನ ಮಂಡಿಯ ಮೇಲೆ ಬಿಚ್ಚಿಕೊಂಡಿತು, ನೇರವಾಯಿತು, ಆಮೇಲೆ ಆಚೆ ಕಡೆಗೆ ಬಾಗಿತು. ಹೆದೆ ಗಕ್ಕೆಂದು ಕೂತಿತು. ಅವಳ ಬಾಯಿಂದ ತಾನಾಗಿಯೇ ಅಯ್ಯೋ ಎಂಬ ಮಾತು ಬಂತು.

"ಬಸಿರಿಂದ ಮಗು ಬಂದ ಹಾಗೆ ನೋಡ್ತಿದೀಯಲ್ಲ ತಾಯಿ," ಎಂದ ಮುದುಕ.

"ಜೀವ ಇದೆಯಲ್ಲ ಅಜ್ಜಾ ಅದಕ್ಕೆ!"

"ಇಲ್ದೆ ಏನು? ಅದು ಹೋದವರ ವಸ್ತುವಿಂದ ಮಾಡಿದ್ದು. ಎಮ್ಮೆ ಹೋಯ್ತು, ಎತ್ತು ಹೋಯ್ತು, ಮೀನು ಹೋಯ್ತು. ಅವರೆಲ್ಲ ಎಲ್ಲಿಗೆ ಹೋಗ್ತಾರೆ? ಇಲ್ಲಿಗೇ ಬರ್ತಾರೆ."

ಮೂರು ಬಿಲ್ಲುಗಳನ್ನು ಅವನು ಅವಳ ಮುಂದಿಟ್ಟ. ಓಕ್‌ಬುನ್ ಎಲ್ಲರಂತೆ ಮೊದಲು ಚಂದದ್ದಕ್ಕೇ ಕೈ ಹಾಕಿದಳು, ಕೆಂಪು ತೊಗಟೆ ಸುತ್ತಿದ್ದಕ್ಕೆ. ಎಳೆದಳು. ಬಂತು, ಆದರೆ ಕಿವಿಯ ಹತ್ತಿರ ಬರುವಷ್ಟರಲ್ಲಿ ಹಲ್ಲು ಕಚ್ಚಬೇಕಾಯಿತು.

"ಇಡು," ಎಂದ ಮುದುಕ. "ಅದು ನಿನ್ನ ಎಳೀತಿದೆ."

ಎರಡನೆಯದು ತೀರಾ ಸುಲಭವಾಗಿ ಬಂತು. ಅವಳಿಗೆ ಖುಷಿಯಾಯಿತು. ಮುದುಕ ತಲೆಯಾಡಿಸಿದ.

"ದಾರ ಬಿಚ್ಚಿದ ಮೇಲೆ ಬಾಣ ಗದ್ದೆ ದಾಟೋದು ಬೇಡವೇ? ಇದರಲ್ಲಿ ಬಿಟ್ರೆ ಕಪ್ಪೆಗಳಿಗೆ ತಾಗುತ್ತೆ."

ಮೂರನೆಯದನ್ನು ಅವಳು ಎಳೆದಾಗ ಮುದುಕ ಬಿಲ್ಲಿನ ಕಡೆ ಕಣ್ಣೇ ಹಾಕಲಿಲ್ಲ. ಅವಳ ಭುಜ ನೋಡಿದ, ಕುತ್ತಿಗೆ ನೋಡಿದ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ನೋಡಿದ. ಹೆದೆ ಕೆನ್ನೆ ದಾಟಿ ಕಿವಿಯ ಹಿಂದಕ್ಕೆ ಹೋಯಿತು. ಅಲ್ಲಿ ಅವಳು ನಿಲ್ಲಿಸಬಲ್ಲಳು. ನಿಲ್ಲಿಸಿ ಉಸಿರನ್ನೂ ಬಿಡಬಲ್ಲಳು. ಬಿಲ್ಲಿನ ಬಲವೂ ತನ್ನ ಬಲವೂ ಎದುರುಬದುರು ಕೂತು ಮಾತಾಡಿಕೊಳ್ಳುತ್ತಿರುವಂತೆ ಅವಳಿಗೆ ಅನಿಸಿತು. ಇದು ಬೇಕು, ಇದೇ ಬೇಕು ಎಂದು ಮನಸ್ಸು ಹಟ ಹಿಡಿಯಿತು.

"ಇದು," ಎಂದಳು.

"ಇದೇ," ಎಂದ ಮುದುಕ. "ಈಗ ನಿನ್ನದು ತೆಗಿ. ಬ್ಯೋಂಗ್‌ಹಾಗೆ ನಾನೇ ಮಾಡಿಕೊಟ್ಟದ್ದು. ಅದನ್ನ ಎಳೆಯೋ ಗಂಡಸು ಈ ಸೀಮೇಲಿ ಎಲ್ಲಾದ್ರೂ ಸಿಗ್ತಾನೆ. ಬದಲಿಗೆ ಬದಲು, ಸರಿಹೋಯ್ತು."

ಆ ಚೀಲದ ಗಂಟನ್ನು ಅವಳು ಒಂದೊಂದೇ ಸುತ್ತಾಗಿ, ನಿಧಾನಕ್ಕೆ ಬಿಚ್ಚಿದಳು. ಕೊಟ್ಟುಬಿಡಬೇಕು ಎಂದು ಬೇಸಿಗೆಯಲ್ಲೇ ತೀರ್ಮಾನಿಸಿ ಆಗಿತ್ತು. ಆದರೂ ಈ ಮುದುರಿದ ವಸ್ತುವನ್ನು ಮಳೆಗಾಲದ ರಾತ್ರಿಗಳಲ್ಲೂ ಕೆಳಗಿಂದ ಒಲೆಯ ಬಿಸಿ ಹಾಯುವ ನೆಲದ ಒಲೆ ಕಡೆಯ ಮೂಲೆಯಲ್ಲಿ, ತನ್ನ ಹಾಸಿಗೆಗಿಂತ ಬೆಚ್ಚನೆಯ ಜಾಗದಲ್ಲಿ ಇಟ್ಟವಳು ಅವಳೇ. ಅದು ತಣ್ಣಗಾಗದ ಹಾಗೆ ನೋಡಿಕೋ ಎಂದಿದ್ದ ಬ್ಯೋಂಗ್‌ಹಾ, ಆಸ್ಪತ್ರೆಗೆ ಹೋಗುವ ದಿನ. ಎಲ್ಲಿಯವರೆಗೆ ಎಂದು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ಕ್ವಾಕ್ ಬಿಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೊಗಟೆಯ ಮೇಲೆ ಹೆಬ್ಬೆರಳು ಓಡಿಸಿದ. ಮೂಗಿನ ಹತ್ತಿರ ಹಿಡಿದ. ಆಮೇಲೆ ಅವಳ ಮುಖ ನೋಡಿದ.

"ಇದಕ್ಕೆ ಬೆಂಕಿ ತೋರಿಸ್ತಿದ್ದದ್ದು ಯಾರು?"

"ನಾನೇ. ಯಾಕಜ್ಜಾ, ತಪ್ಪಾಯ್ತಾ?"

"ತಪ್ಪು! ಮೂರು ಮಳೆಗಾಲ ಕಳ್ದಿದೆ, ಅಂಟು ನಿನ್ನೆ ಹಾಕಿದ ಹಾಗಿದೆ. ಮಂಟಪದ ಈ ಗಂಡಸರು ಒಂದು ವರ್ಷದಲ್ಲಿ ಬಿಲ್ಲು ಕೊಳೆಸ್ತಾರೆ, ಆಮೇಲೆ ಬಂದು ನನ್ನ ಬೈತಾರೆ." ಅವನು ಪ್ಯೋನ ಕಡೆ ನೋಡಿದ. ಪ್ಯೋ ಆಕಾಶ ನೋಡಿದ.

ಮುದುಕ ಬಿಲ್ಲನ್ನು ಕೆಂಡದ ಮೇಲೆ ಆಡಿಸಿದ. ಬಿರುಸಾದ ಬಿಲ್ಲೆಂದು ತೋಳು ಮೇಲಕ್ಕೆ ಸರಿಸಿ, ಮಂಡಿ ಊರಿ, ಮೈಯೆಲ್ಲ ಬಿಗಿಮಾಡಿಕೊಂಡು ಬಗ್ಗಿಸಲು ಹೋದ. ಮೆಟ್ಟಿಲು ಇದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದಿದ್ದರೆ ಹೇಗೆ ಮುಗ್ಗರಿಸುತ್ತೇವೋ ಹಾಗೆ ಮುಗ್ಗರಿಸಿದ. ಬಿಲ್ಲು ಎದುರಾಡದೆ ಬಾಗಿಬಿಟ್ಟಿತು. ಹೆದೆ ಕೂತಿತು.

"ಸತ್ತೋಗಿದೆ," ಎಂದ ಪ್ಯೋ ಮೆಲ್ಲಗೆ. "ಪಾಪ ಅತ್ತಿಗೆ."

"ಬಾಯ್ಮುಚ್ಚು." ಮುದುಕ ಹೆದೆಯನ್ನು ಬೆರಳಿಂದ ಮೀಟಿದ. ಗಟ್ಟಿ ದನಿ, ಜೀವವಿರುವ ದನಿ. ಎರಡು ಸಲ ಎಳೆದು ಬಿಟ್ಟ. ಹೆದೆ ಇಳಿಸಿ, ಒಳಮೈಯನ್ನು, ಕೊಂಬಿನ ಕಡೆಯನ್ನು ಬೆಳಕಿಗೆ ಹಿಡಿದ. ತುಂಬ ಹೊತ್ತು ಹಿಡಿದ. ಅವನ ಮುಖ ಬದಲಾಯಿತು; ತಾನು ಕಟ್ಟಿದ ಮನೆಗೆ ಹೋಗಿ ಅಲ್ಲಿ ತಾನಿಡದ ಬಾಗಿಲೊಂದನ್ನು ಕಂಡವನ ಹಾಗೆ.

"ಯಜಮಾನ್ರೇ, ಸ್ವಲ್ಪ ಇಲ್ಲಿ ಬನ್ನಿ. ನೀನೂ ಬಾ ತಾಯಿ. ಇದು ನನ್ನ ಅರದ ಗುರುತಲ್ಲ."

ತಾಕ್ ಕನ್ನಡಕ ಏರಿಸಿ ಬಗ್ಗಿದರು. ಕರಿಯ ಕೊಂಬಿನ ಎರಡೂ ಅಂಚಿನಲ್ಲಿ, ಒಳಮೈಯ ಮೇಲೆ ಕೂಡ, ಸಣ್ಣ ಸಣ್ಣ ಗೀರು. ಎಣ್ಣೆ ಹಚ್ಚಿ ಉಜ್ಜಿ ಮರೆಮಾಡಿದ್ದ ಗೀರು.

"ಗಾಜಿನ ಚೂರಲ್ಲಿ ಹೆರೆದಿದ್ದಾನೆ," ಎಂದ ಮುದುಕ. "ಒಡೆದ ಬಾಟ್ಲಿ ಚೂರು. ಒಂದೇ ಸಲ ಅಲ್ಲ. ಇಲ್ಲಿ ನೋಡಿ, ಇದು ಹಳೇದು, ಹೊಗೆ ಬಣ್ಣಕ್ಕೆ ತಿರುಗಿದೆ. ಇದು ಅದರ ಮೇಲಿಂದು. ಇದು ಇನ್ನೂ ಆಮೇಲಿಂದು. ಕೊನೇದು ಇಲ್ಲಿದೆ, ಇನ್ನೂ ಬೆಳ್ಳಗಿದೆ. ಕೈ ನಡುಗಿದೆ ಪಾಪ, ಗೆರೆ ಸೊಟ್ಟ."

"ಯಾರು?" ಎಂದರು ತಾಕ್, ಗೊತ್ತಿದ್ದೂ.

"ಇವನ ಬಿಲ್ಲನ್ನ ಇವನಲ್ದೆ ಇನ್ಯಾರು ಮುಟ್ತಾರೆ ಯಜಮಾನ್ರೇ? ಬಲ ಕಮ್ಮಿಯಾದಾಗಲೆಲ್ಲ ಬಿಲ್ಲನ್ನ ಇಷ್ಟಿಷ್ಟೇ ಕಮ್ಮಿ ಮಾಡ್ಕೊಂಡಿದಾನೆ. ನನ್ನ ಹತ್ರ ತರೋಕೆ ನಾಚಿಕೆ."

ತಾಕ್ ಹಾಗೆಯೇ ಚಾಪೆಯ ಮೇಲೆ ಕೂತುಬಿಟ್ಟರು. ಬ್ಯೋಂಗ್‌ಹಾನ ಕೊನೆಯ ಶರತ್ಕಾಲದ ಪಂದ್ಯ ಅವರ ಕಣ್ಣಮುಂದೆ ಬಂದಿರಬೇಕು. ಅಂದು ಅವನು ಐದಕ್ಕೆ ಐದೂ ಹೊಡೆದಿದ್ದ. ಎರಡನೆಯವರಾಗಿ ಸೋತವರು ಇವರೇ. ಹುಲಿಬಿಲ್ಲಿನ ಮುಂದೆ ನಮ್ಮದೇನು ಎಂದು ಅಂದು ಹೇಳಿಕೊಂಡು ಸಮಾಧಾನ ಪಟ್ಟಿದ್ದವರೂ ಇವರೇ.

"ಹೆಂಗಸರು ಎಳೆಯೋ ಬಿಲ್ಲಲ್ಲಿ," ಎಂದರು ಅವರು. "ದೇವರೇ. ನನ್ನ ಪಕ್ಕದಲ್ಲೇ ನಿಂತು. ಈ ಬಿಲ್ಲಲ್ಲಿ."

ಓಕ್‌ಬುನ್‌ಗೆ ಆಗ ಬಂದದ್ದು ಅಳುವಲ್ಲ, ಕೋಪ. ಅಂಗಡಿಯ ಹಿಂಬಾಗಿಲ ಬಳಿ ಅವನು ಬೆನ್ನು ಹಾಕಿ ಕೂತಿರುತ್ತಿದ್ದದ್ದು, ಉಗುರು ಸುಟ್ಟಂಥ ವಾಸನೆ ಬರುತ್ತಿದ್ದದ್ದು, ನನ್ನ ಸಾರಿಗೆಲ್ಲ ಈ ದರಿದ್ರ ವಾಸನೆ ಹತ್ತುತ್ತೆ, ಆಚೆ ಹೋಗಿ ಮಾಡಿಕೊಳ್ಳಿ ಎಂದು ತಾನು ಸೌಟು ಕುಟ್ಟಿದ್ದು, ಬಿಲ್ಲು ಒರೆಸುತ್ತಿದ್ದೇನೆ ಕಣೇ ಎಂದು ಅವನು ತಿರುಗದೆಯೇ ಹೇಳಿದ್ದು, ಎಲ್ಲ ಒಟ್ಟಿಗೆ ನುಗ್ಗಿತು. ರಾತ್ರಿ ಕೆಮ್ಮಿದರೆ ನದಿಯ ಗಾಳಿ ಎನ್ನುತ್ತಿದ್ದ. ದೋಣಿಗೆ ಆಳು ಇಟ್ಟಾಗ ಆರಾಮಕ್ಕೆ ಎಂದ. ಅವಳು ನಂಬಿದ್ದಳು. ಹುಲಿಯ ಹೆಂಡತಿಯಲ್ಲವೇ, ನಂಬದೆ ಏನು ಮಾಡುತ್ತಾಳೆ?

"ಕೊಂಬಿಗೆ ಹೇಳಿದಾರೆ," ಎಂದಳು ಅವಳು, ದನಿ ಎತ್ತರಿಸಿ. "ಒಂದು ಎಮ್ಮೆ ಕೊಂಬಿಗೆ ಹೇಳಿದಾರೆ, ಕಟ್ಕೊಂಡ ನನಗೆ ಹೇಳಿಲ್ಲ! ಹೇಳಿದ್ರೆ ನಾನೇನು ಊರೆಲ್ಲ ಡಂಗುರ ಹೊಡೀತಿದ್ನಾ?"



ಕ್ವಾಕ್ ಹೊಸ ಬಿಲ್ಲನ್ನು ತನ್ನ ಕಡೆಗೆ ಎಳೆದುಕೊಂಡ. ಅವನಿಗೆ ಹೇಳಲು ಕಷ್ಟವಾಯಿತು. ಆದರೂ ವ್ಯಾಪಾರದ ಮಾತು ವ್ಯಾಪಾರದ ಮಾತೇ.

"ತಾಯಿ, ಬದಲು ಆಗಲ್ಲ. ಇಷ್ಟು ಸವೆದ ಬಿಲ್ಲನ್ನ ಯಾವ ಗಂಡಸು ತಗೊಳ್ತಾನೆ? ನನಗೂ ಹೊಟ್ಟೆ ಇದೆ."

ಅಲ್ಲಿಗೆ ಮುಗಿಯಿತು ಎಂದುಕೊಂಡಳು ಓಕ್‌ಬುನ್. ಹೊಸದು ಸಿಗುವುದಿಲ್ಲ, ಇರುವುದನ್ನು ಎಳೆಯುವಂತಿಲ್ಲ. ಇನ್ನೊಂದು ವರ್ಷ ದಾರದ ಬಾಣ. ಬಹುಶಃ ಜನ್ಮವಿಡೀ ದಾರದ ಬಾಣ. ಅವಳು ಬಿಲ್ಲನ್ನು ಚೀಲಕ್ಕೆ ಹಾಕಲು ಬಗ್ಗಿದಳು.

"ಎಲ್ಲಿಗೆ?" ಎಂದರು ತಾಕ್.

"ಮನೆಗೆ ಯಜಮಾನ್ರೇ. ಇನ್ನೊಬ್ಬರ ಬಿಲ್ಲು ಎಳೀಬಾರ್ದಲ್ಲ. ನೀವೇ ತಾನೆ ದಿನಾ ಓದಿಸ್ತಿದ್ದದ್ದು."

"ಓದಿಸ್ತಿದ್ದೆ. ಈಗಲೂ ಓದಿಸ್ತೀನಿ." ತಾಕ್ ಎದ್ದು ಹಲಗೆಯ ಮುಂದೆ ಹೋಗಿ ನಿಂತರು, ತಮಗೇ ಮರೆತುಹೋಗಿದೆಯೇನೋ ಎಂಬಂತೆ ಆ ಸಾಲನ್ನು ಮತ್ತೊಮ್ಮೆ ಓದಿದರು. "ಬಿಲ್ಲು ಯಾರದು? ದುಡ್ಡು ಕೊಟ್ಟವನದು ಅಂತ ಇಲ್ಲಿ ಬರೆದಿಲ್ಲ. ಗಂಡನದು ಅಂತಲೂ ಬರೆದಿಲ್ಲ. ನನ್ನ ಗುರು ನನಗೆ ಹೇಳಿದ್ದು ಒಂದೇ, ದಿನಾ ಬೆಂಕಿ ತೋರಿಸೋನು ಬಿಲ್ಲಿನ ಯಜಮಾನ. ಈ ಬಿಲ್ಲಿಗೆ ಮೂರು ವರ್ಷದಿಂದ ಬೆಂಕಿ ತೋರಿಸಿದ್ದು ನಾನಲ್ಲ, ಆ ಪ್ಯೋ ಅಲ್ಲ, ಸತ್ತವನೂ ಅಲ್ಲ. ಹೆದೆ ಏರಿಸು ಕ್ವಾಕ್."

"ನಾನ್ಯಾಕೆ ಏರಿಸ್ಲಿ?" ಎಂದ ಮುದುಕ. "ಯಜಮಾನಿ ಏರಿಸ್ತಾಳೆ."

ಅವಳು ಕೆಂಡದ ಮುಂದೆ ಕೂತಳು. ಮುದುಕ ತನ್ನ ಕೈಯನ್ನು ಅವಳ ಕೈಯ ಹತ್ತಿರ ಹಿಡಿದಿದ್ದ, ಮುಟ್ಟಲಿಲ್ಲ. ಎಲ್ಲಿ ಬಿಸಿ ಸಾಕು, ಎಲ್ಲಿ ಸಾಲದು ಎಂದು ಅವಳ ಅಂಗೈಗೆ ಬೇಗ ಗೊತ್ತಾಯಿತು. ಹಿಟ್ಟು ಹದಕ್ಕೆ ಬಂದದ್ದು ಗೊತ್ತಾಗುವ ಅಂಗೈ ಅದು. ಮಂಡಿಯ ಮೇಲೆ ಇಟ್ಟು ಬಗ್ಗಿಸಿದಳು. ಎರಡು ಸಲ ಜಾರಿತು. ಮೂರನೆಯ ಸಲ ಹೆದೆ ಕೂತಿತು.

ಮುದುಕ ಬಿಲ್ಲನ್ನು ಎತ್ತಿ ಹಿಡಿದು ಹೆದೆಯ ಗೆರೆಯಲ್ಲಿ ಕಣ್ಣಿಟ್ಟ. "ಬಿಲ್ಲಿನ ಕೆಳಗಿನ ತೋಳು ಸೋತಿದೆ. ಕೊನೇ ಸಲ ಅಲ್ಲೇ ಜಾಸ್ತಿ ಹೆರೆದಿದಾನೆ. ಹೀಗೇ ಬಿಟ್ರೆ ಒಂದು ದಿನ ಹೊರಳಿ ಮುರಿಯುತ್ತೆ. ಮೇಲಿನ ತೋಳನ್ನ ಅಷ್ಟೇ ಇಳಿಸ್ಬೇಕು." ಅವನು ಅರವನ್ನು ಅವಳ ಕೈಗಿಟ್ಟ. "ಉಜ್ಜು."

ಅವಳು ಅರವನ್ನು ಕೊಂಬಿಗೆ ತಾಗಿಸಿ ಹಾಗೆಯೇ ಕೂತಳು. ಈ ಕೊಂಬಿನ ಮೇಲೆ ಅವನ ಗೀರುಗಳಿದ್ದವು, ಅವನು ಯಾರಿಗೂ ಹೇಳದ ವರ್ಷಗಳೆಲ್ಲ ಅಲ್ಲಿದ್ದವು. ಉಜ್ಜಿದರೆ ಕೆಲವು ಹೋಗುತ್ತವೆ. ಉಜ್ಜದಿದ್ದರೆ ಬಿಲ್ಲೇ ಹೋಗುತ್ತದೆ.

"ಹೆದರ್ಬೇಡ," ಎಂದ ಮುದುಕ. "ಮೆಲ್ಲಗೆ. ಒಂದೇ ದಿಕ್ಕಿಗೆ."

ಉಜ್ಜಿದಳು. ಕರಿಯ ಕೊಂಬಿನಿಂದ ಬಿಳಿಯ ಪುಡಿ ಉದುರಿ ಅವಳ ಲಂಗದ ಮೇಲೆ ಬಿತ್ತು. ಅದೇ ಉಗುರು ಸುಟ್ಟಂಥ ವಾಸನೆ. ಈಗ ಕಣ್ಣಲ್ಲಿ ನೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ. ನಾಲ್ಕು ಸಲ ಉಜ್ಜುವುದು, ಬಿಸಿಗೆ ಹಿಡಿಯುವುದು, ಹಿಮ್ಮಡಿಯಿಂದ ಮೆಟ್ಟಿ ಒತ್ತುವುದು, ಎತ್ತಿ ನೋಡುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಅಂಗಡಿಯಲ್ಲಿ ನೂಡಲ್ ಕೇಳಿಕೊಂಡು ಬಂದವರು ಬೈದುಕೊಂಡು ಹೋಗಿರಬೇಕು. ಕೊನೆಗೊಮ್ಮೆ ಮುದುಕ ಬಿಲ್ಲನ್ನು ಎತ್ತಿ ಹಿಡಿದಾಗ ಎರಡು ತೋಳೂ ಒಂದೇ ಸಮನಾಗಿ ಬಾಗಿ ನಿಂತಿದ್ದವು. ಬಿಲ್ಲು ಇನ್ನೂ ಒಂದು ಕೂದಲೆಳೆಯಷ್ಟು ಮೆತ್ತಗಾಗಿತ್ತು. ಅವನು ತಲೆಯಾಡಿಸಿ, ಎರಡೂ ಕೈಯಿಂದ ಅದನ್ನು ಅವಳಿಗೆ ಕೊಟ್ಟ, ದೊಡ್ಡವರಿಗೆ ಕೊಡುವ ಹಾಗೆ.

ಗಂಡನ ಬಾಣಗಳನ್ನೂ ಅವಳು ತಂದಿದ್ದಳು. ಅವೂ ಹೂವಿನಷ್ಟು ಹಗುರವಾಗಿದ್ದವು; ಅವನ್ನೂ ಸವೆಸಿದ್ದ ಮಹಾರಾಯ. ಐದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಅವಳು ಮಂಟಪದ ಅಂಚಿಗೆ ಬಂದು ನಿಂತಳು. ಮುಂದೆ ಕೊಯ್ದ ಗದ್ದೆ, ಗದ್ದೆಯಾಚೆ ಗುಡ್ಡದ ಬುಡದಲ್ಲಿ ಗುರಿಹಲಗೆ, ಅಲ್ಲಿಂದ ನೋಡಿದರೆ ಅಂಗೈಯಷ್ಟು. ನಮ್ಮಲ್ಲಿ ಮೊದಲ ಬಾಣ ಬಿಡುವ ಮುಂಚೆ ಎಂಥ ಹಳೆಯ ಬಿಲ್ಲುಗಾರನಾದರೂ ಒಂದು ಮಾತು ಹೇಳಿಯೇ ಬಿಡುತ್ತಾನೆ. ಬ್ಯೋಂಗ್‌ಹಾ ಕೂಡ ಕೊನೆಯ ದಿನದವರೆಗೆ ಅದನ್ನೇ ಹೇಳಿದ್ದ.

"ಬಿಲ್ಲು ಕಲೀತಾ ಇದೀನಿ," ಎಂದಳು ಓಕ್‌ಬುನ್.

"ಹೆಚ್ಚು ತಾಗ್ಲಿ," ಎಂದರು ಎಲ್ಲರೂ.

ಅವಳು ಕಲಿಸಿದಂತೆ ಮುಷ್ಟಿಯನ್ನು ಹಲಗೆಯ ನೇರಕ್ಕೆ ತಂದು ಎಳೆದಳು, ಬಿಟ್ಟಳು. ದಾರವಿಲ್ಲದ ಬಾಣ. ಗಕ್ಕನೆ ನಿಲ್ಲುತ್ತದೆ ಎಂದು ಕೈ ಕಾದಿತ್ತು, ನಿಲ್ಲಲಿಲ್ಲ. ಅದು ಹೋಯಿತು, ಹೋಗುತ್ತಲೇ ಇತ್ತು. ತನ್ನ ಕೈಯಿಂದ ಹೊರಟದ್ದು ಅಷ್ಟು ದೂರ ಹೋಗುವುದನ್ನು ಅವಳು ಬದುಕಿನಲ್ಲಿ ನೋಡಿರಲಿಲ್ಲ. ಬಾಯಿ ತೆರೆದೇ ಇತ್ತು. ಬಾಣ ಗದ್ದೆಯ ಮಧ್ಯೆ, ಹಲಗೆಗೆ ಎಷ್ಟೋ ಈಚೆಗೆ ಬಿತ್ತು.

"ಮಿಡತೆಗೆ ತಾಗ್ತು ಅತ್ತಿಗೆ," ಎಂದ ಪ್ಯೋ, ಮೆಲ್ಲಗೆ.

"ಇದಕ್ಕೆ ಆ ನೇರ ಸಾಲದು," ಎಂದರು ತಾಕ್. "ನಿನ್ನ ಗಂಡ ಆ ಕೊನೇ ವರ್ಷ ಮುಷ್ಟೀನ ಅಗೋ, ಗುಡ್ಡದ ನೆತ್ತೀಲಿರೋ ಒಂಟಿ ಮರದ ಬುಡಕ್ಕೆ ಎತ್ತುತ್ತಿದ್ದ. ಕಾಗೆ ಹೊಡೀತಾನೆ ಅಂತ ನಾವು ನಕ್ಕಿದ್ದೆವು. ಜಂಬ ಅಂದ್ಕೊಂಡಿದ್ದೆವು ತಾಯಿ. ಅಲ್ಲಿಗೆ ಎತ್ತು."

ಅವಳು ಒಂಟಿ ಮರದ ಬುಡಕ್ಕೆ ಮುಷ್ಟಿ ಎತ್ತಿದಳು. ಹೆದೆ ಕಿವಿಯ ಹಿಂದಕ್ಕೆ ಬಂತು. ಅಲ್ಲಿ ನಿಲ್ಲಿಸಿದಾಗ ಅವಳಿಗೆ ತೋಳಿನಲ್ಲಿ, ಬೆನ್ನಿನಲ್ಲಿ, ಪಕ್ಕೆಯಲ್ಲಿ ಗೊತ್ತಾಯಿತು: ಕೊನೆಯ ಶರತ್ಕಾಲದಲ್ಲಿ ನನ್ನ ಗಂಡನಲ್ಲಿ ಉಳಿದಿದ್ದ ಬಲ ಇಷ್ಟು. ತೂಕ ಹಾಕಿ ಕೈಗಿಟ್ಟ ಹಾಗೆ ಗೊತ್ತಾಯಿತು. ಬಾಣ ಬಿಟ್ಟಳು. ಅದು ಆಕಾಶಕ್ಕೆ ಏರಿ, ಅಲ್ಲಿ ಕಾಣದಂತಾಗಿ, ಮತ್ತೆ ಕಂಡು, ಇಳಿಯಿತು. ಹಲಗೆಯ ಮೇಲಿಂದ ದಾಟಿ ಹಿಂದಿನ ಗುಡ್ಡದ ಮಣ್ಣಿಗೆ ಹೋಗಿ ನೆಟ್ಟಿತು. ಬಾಣ ಎಲ್ಲಿ ಬಿತ್ತೆಂದು ತಿಳಿಸಲು ಹಲಗೆಯ ಬಳಿ ನಿಲ್ಲುವ ಬಾವುಟದವನು ಬಾವುಟವನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದ.

"ಮೀರಿ ಹೋಯ್ತು!" ಎಂದು ಪ್ಯೋ ಕುಣಿದುಬಿಟ್ಟ. "ಅತ್ತಿಗೆ, ಏನ್ ಬಲ ನಿಮ್ದು! ಅಣ್ಣ ಎತ್ತುತ್ತಿದ್ದ ಜಾಗಕ್ಕೇ ಎತ್ತಿ..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ತಾನು ಹೇಳಿದ್ದೇನು ಎಂದು ಅವನಿಗೂ ಅರ್ಥವಾಯಿತು.

ಅದೇ ಬಿಲ್ಲು, ಈಗ ಇನ್ನಷ್ಟು ಮೆತ್ತಗಾದದ್ದು. ಅದೇ ಬಾಣ, ಅದೇ ನೇರ. ಅವಳ ಬಾಣ ದಾಟಿ ಹೋಗಿತ್ತು. ಅವನ ಬಾಣಗಳು ಹಲಗೆಗೆ ತಾಗುತ್ತಿದ್ದವು. ಎಂದರೆ ಇಷ್ಟು ಸವೆಸಿದ ಬಿಲ್ಲನ್ನೂ ಅವನಿಗೆ ಪೂರ್ತಿ ಎಳೆಯಲು ಆಗುತ್ತಿರಲಿಲ್ಲ. ಎಷ್ಟು ಬರುತ್ತದೋ ಅಷ್ಟೇ ಎಳೆದು, ಎಷ್ಟು ಸಾಲದೋ ಅದನ್ನು ಆಕಾಶದಿಂದ ಸಾಲ ತಂದು, ಐದಕ್ಕೆ ಐದು ಹೊಡೆದಿದ್ದ. ಆಮೇಲೆ ಗುಡ್ಡ ಇಳಿದು ಬಂದು, ಕೈ ತೊಳೆದು, ಎರಡು ಬಟ್ಟಲು ನೂಡಲ್ ಸಾರು ಕೇಳಿ, ಒಂದನ್ನೂ ಮುಗಿಸದೆ ಎದ್ದಿದ್ದ.

"ಇಷ್ಟೂ ಇರ್ಲಿಲ್ವೇನ್ರೀ ನಿಮ್ಮಲ್ಲಿ?" ಎಂದಳು ಓಕ್‌ಬುನ್, ಗದ್ದೆಯ ಕಡೆ ನೋಡುತ್ತಾ, ಎಲ್ಲರಿಗೂ ಕೇಳುವ ಹಾಗೆ.

ತಾಕ್ ಮುಖ ತಿರುಗಿಸಿಕೊಂಡರು. ಮುದುಕ ಕೆಂಡ ಕೆದಕುತ್ತಾ ಕೂತ. ಅವಳ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಜಾಗದಲ್ಲಿ ತುಂಬಿದ್ದಕ್ಕೆ ಅವಳ ಹತ್ತಿರ ಹೆಸರಿರಲಿಲ್ಲ. ಅಂಥ ಮನುಷ್ಯನ ಜೊತೆ ತಾನು ಇಷ್ಟು ವರ್ಷ ಉಪ್ಪು ಖಾರಕ್ಕೆ ಜಗಳವಾಡಿದೆನೇ ಎಂದು ಅವಳ ಮೈ ಜುಮ್ಮೆಂದಿತು.

ಆಮೇಲೆ ಸೊಂಟದಿಂದ ಮೂರನೆಯ ಬಾಣ ತೆಗೆದಳು. ಮುಷ್ಟಿಯನ್ನು ಒಂಟಿ ಮರದ ಬುಡಕ್ಕೆ ಎತ್ತಿ, ಅಲ್ಲಿಂದ ತನ್ನ ಬಲಕ್ಕೆ ತಕ್ಕಷ್ಟು ಕೆಳಗಿಳಿಸಿ, ಎಳೆದಳು.